ಪದಚರ್ಚೆ: ಶಾಲಾ ಬೇಸ್‌ಬಾಲಿನ ‘ಪಂದ್ಯಾಟ’, ‘ಕಟ್ಟೆ’ ಮತ್ತು ‘ಮನೆ’

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ಉಡುಪಿಯಿಂದ ನಮಸ್ಕಾರ.

ನಮ್ಮ ಬೀದಿಯ ಕೊನೆಯಲ್ಲಿರುವ ಶಾಲೆಯ ಮಕ್ಕಳು ಈಚೆಗೆ ಸಾಫ್ಟ್‌ಬಾಲ್ ಆಡತೊಡಗಿದ್ದಾರೆ. ಅದರ ಅಣ್ಣನಂತಿರುವ ಬೇಸ್‌ಬಾಲನ್ನು ಜಪಾನಿನ ಶಾಲಾ ಮಕ್ಕಳು ಎಷ್ಟು ಶ್ರದ್ಧೆಯಿಂದ ಆಡುತ್ತಾರೆ ಎಂಬುದನ್ನು ಕುರಿತು ಶಾಲೆಯ ಭಿತ್ತಿಪತ್ರಿಕೆಗೆ ಎರಡು ಪುಟ ಬರೆದುಕೊಡಿ ಎಂದು ಅಲ್ಲಿಯ ದೈಹಿಕ ಶಿಕ್ಷಣ ಶಿಕ್ಷಕರು ಕೇಳಿದರು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಿಗೆ ಎರಡು ಪುಟ ಯಾವ ಲೆಕ್ಕ ಎಂದುಕೊಂಡು ಒಪ್ಪಿಬಿಟ್ಟೆ. ಬರೆಯಲು ಕುಳಿತ ಮೇಲೆ ಮೊದಲ ವಾಕ್ಯವನ್ನೇ ದಾಟುವುದು ಕಷ್ಟವಾಯಿತು. ನಾನು ಬರೆದದ್ದು ಇಷ್ಟು: ‘ಜಪಾನಿನ ಕೃಷಿ ಹೈಸ್ಕೂಲೊಂದರ ಬೇಸ್‌ಬಾಲ್ ತಂಡವು 2018ರ ರಾಷ್ಟ್ರೀಯ ಪಂದ್ಯಾಟದಲ್ಲಿ ಫೈನಲ್ ತಲುಪಿತು.’ ಕರಡು ತಿದ್ದುವುದರಲ್ಲಿ ಪಳಗಿದ ಬೆಂಗಳೂರಿನ ಸ್ನೇಹಿತರೊಬ್ಬರಿಗೆ ಇದನ್ನು ಕಳುಹಿಸಿದಾಗ ಅವರು ಒಂದೇ ವಾಕ್ಯದಲ್ಲಿ ಮೂರು ಕಡೆ ಗೆರೆ ಎಳೆದು ಹಿಂದಿರುಗಿಸಿದರು. ‘ಹೈಸ್ಕೂಲು’ ಬೇಡ, ‘ಪ್ರೌಢಶಾಲೆ’ ಎನ್ನಿ. ‘ಪಂದ್ಯಾಟ’ ಎಂಬ ಪದವನ್ನು ನಾನು ಕೇಳಿಲ್ಲ, ‘ಟೂರ್ನಿ’ ಅಥವಾ ‘ಪಂದ್ಯಾವಳಿ’ ಎನ್ನಿ. ‘ಫೈನಲ್ ತಲುಪಿತು’ ಎಂಬುದು ಸಪ್ಪೆಯಾಯಿತು, ‘ಫೈನಲ್‌ಗೆ ಲಗ್ಗೆ ಇಟ್ಟಿತು’ ಎಂದರೆ ಕಳೆ ಬರುತ್ತದೆ ಎಂಬುದು ಅವರ ಅಭಿಪ್ರಾಯ. ಮೂರನೆಯ ಸಲಹೆಯನ್ನು ಕೂಡಲೇ ಕೈಬಿಟ್ಟೆ. ಲಗ್ಗೆ ಇಡುವುದು ಕೋಟೆಗೆ, ಫೈನಲ್‌ಗೆ ಅಲ್ಲ. ಉಳಿದೆರಡು ವಿಷಯಗಳಲ್ಲಿ ನನಗೂ ಅವರಿಗೂ ಒಮ್ಮತವಾಗಿಲ್ಲ. ಲೇಖನ ಮುಂದುವರಿದಂತೆ ಇನ್ನೂ ಕೆಲವು ಪದಗಳು ಅಡ್ಡ ಬಂದವು. ಅವುಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಸಂದರ್ಭವನ್ನು ಹೇಳುತ್ತೇನೆ. ಜಪಾನಿನಲ್ಲಿ ಬೇಸಿಗೆಯ ಈ ಶಾಲಾ ಬೇಸ್‌ಬಾಲ್ ಪಂದ್ಯಾಟ 1915ರಲ್ಲಿ ಆರಂಭವಾಯಿತು. 1924ರಲ್ಲಿ ಹ್ಯೋಗೋ ಪ್ರಾಂತದ ನಿಶಿನೋಮಿಯಾದಲ್ಲಿ ಕೋಶಿಯೆನ್ ಎಂಬ ಕ್ರೀಡಾಂಗಣವನ್ನು ಕಟ್ಟಿದ ಮೇಲೆ ಅಲ್ಲಿಯೇ ನೆಲೆಸಿತು. ಈಗ ಆ ಅಂಗಣದ ಹೆಸರೇ ಪಂದ್ಯಾಟದ ಹೆಸರಾಗಿಬಿಟ್ಟಿದೆ. ನಲವತ್ತೇಳು ಪ್ರಾಂತಗಳಿಂದ ಒಂದೊಂದು ಶಾಲೆ, ಟೋಕಿಯೋ ಮತ್ತು ಹೊಕ್ಕೈಡೋಗಳಿಂದ ಮಾತ್ರ ಎರಡೆರಡು, ಹೀಗೆ ಸಾಮಾನ್ಯವಾಗಿ 49 ತಂಡಗಳು ಬರುತ್ತವೆ. ಒಂದು ಪಂದ್ಯ ಸೋತರೆ ಅಲ್ಲಿಗೆ ಮುಗಿಯಿತು. ನನ್ನ ಲೇಖನದ ನಾಯಕರು ಉತ್ತರದ ಅಕಿತಾ ಪ್ರಾಂತದ ಸರಕಾರಿ ಕೃಷಿ ಶಾಲೆಯಾದ ಕನಾಶಿ ನೋಗ್ಯೋದ ಹುಡುಗರು. 2018ರಲ್ಲಿ ನಡೆದದ್ದು ನೂರನೆಯ ಬೇಸಿಗೆಯ ಪಂದ್ಯಾಟವಾದ್ದರಿಂದ ಆ ವರ್ಷ 56 ತಂಡಗಳಿದ್ದವು. ಊರಿನ ಸುತ್ತಮುತ್ತಲ ಹುಡುಗರನ್ನೇ ಕಟ್ಟಿಕೊಂಡು ಬಂದ ಈ ಶಾಲೆ ದೊಡ್ಡ ದೊಡ್ಡ ಖಾಸಗಿ ಶಾಲೆಗಳನ್ನು ಸೋಲಿಸುತ್ತ ಫೈನಲಿನವರೆಗೆ ಹೋಯಿತು. ಅಕಿತಾದ ತಂಡವೊಂದು ಅದಕ್ಕೂ ಹಿಂದೆ ಫೈನಲ್ ಆಡಿದ್ದು 1915ರ ಮೊಟ್ಟಮೊದಲ ವರ್ಷ. ಹದಿಮೂರು ಸರದಿಗಳವರೆಗೆ (ಇನ್ನಿಂಗ್ಸ್‌ಗೆ ನಾನಿಟ್ಟ ಪದ) ಎಳೆದ ಆ ಪಂದ್ಯದಲ್ಲಿ ಅದು ಕ್ಯೋಟೋದ ಶಾಲೆಗೆ 2–1ರಿಂದ ಸೋತಿತ್ತು.

ಈಗ ‘ಪಂದ್ಯಾಟ’. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಯಾವ ಊರಿನ ಬಸ್ಸು ನಿಲ್ದಾಣದಲ್ಲಿ ಇಳಿದರೂ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’, ‘ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟ’, ‘ವಾಲಿಬಾಲ್ ಪಂದ್ಯಾಟ’ ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ಶಾಲೆಗಳ ಆಮಂತ್ರಣ ಪತ್ರಿಕೆಯಲ್ಲಿ ‘ತಾಲೂಕು ಮಟ್ಟದ ಪಂದ್ಯಾಟ’ ಎಂದೇ ಅಚ್ಚಾಗುತ್ತದೆ. ನಾನು ಹುಟ್ಟಿದಾಗಿನಿಂದ ಕೇಳಿದ ಈ ಪದ ಘಟ್ಟದ ಮೇಲಿನವರಿಗೆ ಅಪರಿಚಿತ ಎಂಬುದು ನನಗೆ ತಿಳಿದದ್ದೇ ಈ ಕರಡಿನಿಂದ. ಅಲ್ಲಿ ಪಂದ್ಯವೆಂದರೆ ಒಂದು ಪಂದ್ಯ. ಹಲವು ಪಂದ್ಯಗಳ ಸಾಲು ಪಂದ್ಯಾವಳಿ. ಪತ್ರಿಕೆಯವರು ಜಾಗ ಉಳಿಸಲು ಟೂರ್ನಿ. ಇಲ್ಲಿ ಒಂದು ಪಂದ್ಯ ಪಂದ್ಯವೇ, ಇಡೀ ಸಮಾರಂಭ ಪಂದ್ಯಾಟ.

ವ್ಯಾಕರಣದ ದೃಷ್ಟಿಯಿಂದ ನೋಡಿದರೆ ‘ಪಂದ್ಯಾಟ’ವೇ ಹೆಚ್ಚು ಚೊಕ್ಕವಾಗಿದೆ ಎಂದು ನನಗೆ ತೋರುತ್ತದೆ. ಪಂದ್ಯ ಎಂಬ ಪದದ ಹಳೆಯ ಅರ್ಥ ಬಾಜಿ, ಪಣ. ತಮಿಳಿನ ಪಂದಯಂ, ಮಲಯಾಳದ ಪಂತಯಂ ಇದರ ನಂಟರು. ಇಂಥ ದೇಸಿ ಪದಕ್ಕೆ ಸಾಲು ಎಂಬರ್ಥದ ಸಂಸ್ಕೃತದ ‘ಆವಳಿ’ಯನ್ನು ಜೋಡಿಸಿ ಸವರ್ಣದೀರ್ಘ ಮಾಡಿದರೆ ಹಳೆಯ ಪಂಡಿತರು ಅರಿಸಮಾಸವೆಂದು ಹುಬ್ಬು ಗಂಟಿಕ್ಕುತ್ತಿದ್ದರು. ಪಂದ್ಯ ಮತ್ತು ಆಟ ಸೇರಿದಾಗ ಆಗುವುದು ಕನ್ನಡದ ಲೋಪಸಂಧಿ. ಬಯಲಾಟ, ಮುಟ್ಟಾಟ, ಓಡಾಟಗಳ ಸಾಲಿಗೆ ಅದು ತಾನಾಗಿ ಹೋಗಿ ಕೂರುತ್ತದೆ. ಇನ್ನೊಂದು ಸಂಗತಿಯನ್ನು ಘಟ್ಟದ ಮೇಲಿನ ಗೆಳೆಯರು ಗಮನಿಸಬೇಕು. ಕರಾವಳಿಯಲ್ಲಿ ಬರಿದೇ ‘ಆಟ’ ಎಂದರೆ ಯಕ್ಷಗಾನ. ‘ನಿನ್ನೆ ಆಟಕ್ಕೆ ಹೋಗಿದ್ದೆ’ ಎಂದವನನ್ನು ಯಾವ ಆಟ, ಕ್ರಿಕೆಟ್ಟೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಊರು ಸೇರಿ, ದೀಪ ಹೊತ್ತಿಸಿ, ಬೆಳಗಿನವರೆಗೆ ನಡೆಸುವ ಕೂಟಕ್ಕೆ ‘ಆಟ’ ಎನ್ನುವ ಕಿವಿಗೆ, ಊರು ಸೇರಿ ಹೊನಲು ಬೆಳಕಿನಲ್ಲಿ ನಡೆಸುವ ಕಬಡ್ಡಿಯ ಕೂಟ ‘ಪಂದ್ಯಾಟ’ವಾಗಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಇದು ನನ್ನ ಊಹೆ. ಪದದ ಹುಟ್ಟು ಹೀಗೆಯೇ ಆಯಿತೆಂದು ವಾದಿಸಲಾರೆ.

ಜಪಾನೀಯರು ತಮ್ಮದನ್ನು ‘ಸೆನ್‌ಶುಕೆನ್ ತೈಕೈ’ ಎನ್ನುತ್ತಾರೆ. ‘ತೈಕೈ’ ಎಂದರೆ ಅಕ್ಷರಶಃ ದೊಡ್ಡ ಸೇರುವಿಕೆ, ಮಹಾಕೂಟ. ಕ್ರೀಡಾಕೂಟ, ತಾಳಮದ್ದಳೆಯ ಕೂಟ ಎನ್ನುವ ನಮಗೆ ಇದು ತೀರ ಹತ್ತಿರದ ಮಾತು. ಆದರೆ ಕ್ರೀಡಾಕೂಟವೆಂದೊಡನೆ ಓಟ, ಉದ್ದಜಿಗಿತ, ಗುಂಡೆಸೆತಗಳು ನೆನಪಿಗೆ ಬರುತ್ತವೆ. ಒಂದೇ ಆಟದ ಸೋಲು-ಗೆಲುವಿನ ಏಣಿಗೆ ಆ ಪದ ಹೊಂದುವುದಿಲ್ಲ. ಆದ್ದರಿಂದ ಪಂದ್ಯಾಟವನ್ನೇ ಉಳಿಸಿಕೊಳ್ಳುವ ಮನಸ್ಸಿದೆ. ಚಾಂಪಿಯನ್‌ಷಿಪ್ ಎಂಬುದಕ್ಕೆ ಬೇರೆ ಪದ ಹುಡುಕಲು ಹೋಗುವುದಿಲ್ಲ. ಎಂಟರ ಘಟ್ಟ, ನಾಲ್ಕರ ಘಟ್ಟ ಎಂಬ ಪತ್ರಿಕಾ ಪ್ರಯೋಗಗಳು ಮಾತ್ರ ಬಹಳ ಚೆನ್ನಾಗಿವೆ; ಅವನ್ನು ಕಂಡುಹಿಡಿದ ಉಪಸಂಪಾದಕರು ಯಾರೇ ಆಗಿರಲಿ, ಅವರಿಗೆ ನನ್ನ ನಮಸ್ಕಾರ.

‘ಹೈಸ್ಕೂಲು’ ಎಂಬುದಕ್ಕೆ ‘ಪ್ರೌಢಶಾಲೆ’ ಎಂದು ತಿದ್ದಿದ್ದು ಮೇಲ್ನೋಟಕ್ಕೆ ಸರಿ. ತೊಂದರೆ ಇರುವುದು ವಯಸ್ಸಿನಲ್ಲಿ. ನಮ್ಮ ಪ್ರೌಢಶಾಲೆ ಎಂಟು, ಒಂಬತ್ತು, ಹತ್ತನೆಯ ತರಗತಿಗಳದು. ಜಪಾನಿನ ಈ ಶಾಲೆ ಒಂಬತ್ತು ವರ್ಷದ ಕಡ್ಡಾಯ ಶಿಕ್ಷಣ ಮುಗಿಸಿದವರು ಸೇರುವ ಮೂರು ವರ್ಷದ ಶಾಲೆ. ಹುಡುಗರ ವಯಸ್ಸು ಹದಿನೈದರಿಂದ ಹದಿನೆಂಟು. ನಮ್ಮ ಲೆಕ್ಕದಲ್ಲಿ ಹತ್ತನೆಯ ತರಗತಿಯೊಂದು, ಅದರ ಮೇಲೆ ಪಿಯುಸಿಯ ಎರಡು ವರ್ಷ. ಪ್ರೌಢಶಾಲೆ ಎಂದು ಬರೆದರೆ ಭಿತ್ತಿಪತ್ರಿಕೆ ಓದುವ ಎಂಟನೆಯ ತರಗತಿಯ ಹುಡುಗ ‘ನನ್ನಷ್ಟೇ ದೊಡ್ಡವರು’ ಎಂದುಕೊಳ್ಳುತ್ತಾನೆ. ಪದವಿಪೂರ್ವ ಕಾಲೇಜು ಎಂದರೆ ಅವರನ್ನು ಶಾಲೆಯಿಂದಲೇ ಹೊರಗೆ ಹಾಕಿದಂತಾಗುತ್ತದೆ. ಜಪಾನೀ ಹೆಸರಿನ ಅಕ್ಷರಾರ್ಥ ‘ಮೇಲಿನ ದರ್ಜೆಯ ಶಾಲೆ’. ಅಲ್ಲಿಯೂ ಹೆಸರು ಒಂದೇ ಆಗಿ ಉಳಿದಿಲ್ಲ. 1947ರವರೆಗೆ ಇದು ಮಾಧ್ಯಮಿಕ ಶಾಲೆಗಳ ಪಂದ್ಯಾಟವಾಗಿತ್ತು, ಶಿಕ್ಷಣ ವ್ಯವಸ್ಥೆ ಬದಲಾದ ಮೇಲೆ 1948ರಲ್ಲಿ ಈಗಿನ ಹೆಸರು ಬಂತು. ಹೈಸ್ಕೂಲು ಎಂಬ ಪದದಲ್ಲಿ ಸ್ವಲ್ಪ ಅಸ್ಪಷ್ಟತೆ ಇದೆ. ಈ ಜಾಗದಲ್ಲಿ ಆ ಅಸ್ಪಷ್ಟತೆಯೇ ನನಗೆ ಉಪಕಾರಿಯಾಗಿದೆ. ಅದನ್ನಿಟ್ಟುಕೊಂಡು ಮೊದಲ ಬಾರಿ ಬಂದಲ್ಲಿ ‘ಹದಿನೈದರಿಂದ ಹದಿನೆಂಟು ವರ್ಷದವರು’ ಎಂದು ಸೇರಿಸುತ್ತೇನೆ.

ನಿಜವಾದ ತೊಡಕು ಆರಂಭವಾದದ್ದು ಎಂಟರ ಘಟ್ಟದ ಪಂದ್ಯವನ್ನು ಬಣ್ಣಿಸುವಾಗ. ಎದುರಾಳಿ ಓಮಿ ಎಂಬ ಶಾಲೆ. ಒಂಬತ್ತನೆಯ ಹಾಗೂ ಕೊನೆಯ ಸರದಿಗೆ ಬರುವಾಗ ಕನಾಶಿ 1–2ರಿಂದ ಹಿಂದಿತ್ತು. ಯಾರೂ ಔಟಾಗದೆ ಮೂರು ಬೇಸುಗಳಲ್ಲಿಯೂ, ಅಂದರೆ ರನ್ನಿಗಾಗಿ ಸುತ್ತುವಾಗ ಮೆಟ್ಟಿ ನಿಲ್ಲುವ ಗುರುತುಗಳಲ್ಲಿ, ಓಟಗಾರರು ನಿಂತಿದ್ದರು. ಒಂಬತ್ತನೆಯ ಕ್ರಮಾಂಕದ ಹುಡುಗ ಜೋರಾಗಿ ಬೀಸುವ ಬದಲು ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲನೆ ನೆಲಕ್ಕೆ ತಟ್ಟಿದ. ಮೂರನೆಯ ಬೇಸಿನಲ್ಲಿದ್ದವನು ಓಡಿ ಬಂದು ರನ್ ಗಳಿಸಿ ಪಂದ್ಯವನ್ನು ಸಮ ಮಾಡಿದ; ಎದುರಾಳಿಗಳು ಚೆಂಡನ್ನು ಮೊದಲ ಬೇಸಿಗೆ ಎಸೆಯುವಷ್ಟರಲ್ಲಿ ಎರಡನೆಯ ಬೇಸಿನಲ್ಲಿದ್ದವನೂ ಎಲ್ಲಿಯೂ ನಿಲ್ಲದೆ ಸುತ್ತಿ ಬಂದು ನೆಲಕ್ಕೆ ಬಿದ್ದು ಕೈ ಚಾಚಿ, ಓಟ ಶುರುವಾಗಿ ಮುಗಿಯುವ ‘ಹೋಮ್’ ಎಂಬ ಜಾಗವನ್ನು ಮುಟ್ಟಿಬಿಟ್ಟ. 3–2. ಅಲ್ಲಿಗೆ ಪಂದ್ಯ ಮುಗಿಯಿತು. ಇಷ್ಟನ್ನು ‘ಬೇಸು’ ಎಂಬ ಪದವನ್ನು ಐದಾರು ಬಾರಿ ಹೇಳದೆ ಹೇಳಲಾಗದು. ಹೇಳಿದರೂ ಬೇಸೆಂದರೇನು ಎಂಬುದು ಮಗುವಿಗೆ ಹೊಳೆಯುವುದಿಲ್ಲ.

‘ನೆಲೆ’ ಎನ್ನಬಹುದೆಂದು ಮೊದಲು ಯೋಚಿಸಿದೆ. ವಾಯುನೆಲೆ, ನೌಕಾನೆಲೆಗಳಲ್ಲಿ ಅದು ಬಳಕೆಯಲ್ಲಿದೆ. ಆದರೆ ನೆಲೆಯೆಂದರೆ ನೆಲೆಸುವ ಜಾಗ. ಬೇಸಿನ ಮೇಲೆ ನಿಂತ ಹುಡುಗ ನೆಲೆಸಲು ನಿಂತವನಲ್ಲ, ಹೊರಡಲು ತುದಿಗಾಲಿನಲ್ಲಿರುವವನು. ಜಪಾನೀಯರು ಬೇಸಿಗೆ ‘ರುಯಿ’ ಎನ್ನುತ್ತಾರೆ. ಅದರ ಅರ್ಥ ಕೊತ್ತಳ, ಸಣ್ಣ ಕೋಟೆ. ಹೋಮ್ ಎಂಬುದು ‘ಹೊನ್‌ರುಯಿ’, ಮುಖ್ಯ ಕೋಟೆ. ಬೆಂಗಳೂರಿನ ಸ್ನೇಹಿತರ ‘ಲಗ್ಗೆ’ ಫೈನಲಿಗೆ ಹೊಂದದಿದ್ದರೂ ಇಲ್ಲಿ ಚೆನ್ನಾಗಿ ಹೊಂದುತ್ತದೆ ಎಂದು ಅವರಿಗೆ ಬರೆದು ತಿಳಿಸಿದ್ದೇನೆ.

ಆಗ ನೆನಪಾದದ್ದು ಚೌಕಾಬಾರ. ಅದರಲ್ಲಿ ಕಾಯಿ ಮನೆಯಿಂದ ಮನೆಗೆ ಸುತ್ತು ಹೋಗುತ್ತದೆ. ದಾರಿಯಲ್ಲಿ ಎದುರಾಳಿ ಬಂದು ಅದನ್ನು ಕಡಿಯಬಹುದು. ಆದರೆ ಅಡ್ಡಗೆರೆ ಎಳೆದ ಕಟ್ಟೆಯ ಮೇಲೆ ಕುಳಿತ ಕಾಯಿಯನ್ನು ಕಡಿಯುವಂತಿಲ್ಲ. ಸುತ್ತು ಮುಗಿಸಿ ನಡುವಿನ ಮನೆಗೆ ಸೇರಿದ ಕಾಯಿ ‘ಹಣ್ಣಾಯಿತು’. ಬೇಸ್‌ಬಾಲಿನ ಓಟಗಾರನ ಸ್ಥಿತಿಯೂ ಇದೇ. ಎರಡು ಬೇಸುಗಳ ನಡುವೆ ಸಿಕ್ಕಿದರೆ ಚೆಂಡು ಹಿಡಿದವನು ಮುಟ್ಟಿ ಔಟ್ ಮಾಡುತ್ತಾನೆ. ಬೇಸನ್ನು ಮೆಟ್ಟಿ ನಿಂತರೆ ಭಯವಿಲ್ಲ. ಮೂರನ್ನೂ ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಹಾಗಾಗಿ ಬೇಸಿಗೆ ‘ಕಟ್ಟೆ’ ಎಂದರೇನು ಎಂಬುದು ನನ್ನ ಪ್ರಸ್ತಾಪ. ಮೊದಲ ಕಟ್ಟೆ, ಎರಡನೆಯ ಕಟ್ಟೆ, ಮೂರನೆಯ ಕಟ್ಟೆ, ಆಮೇಲೆ ಮನೆ. ನಮ್ಮ ಕಡೆಯ ಓದುಗರಿಗೆ ಇನ್ನೊಂದು ಚಿತ್ರವೂ ಕಾಣುತ್ತದೆ. ದೇವಸ್ಥಾನದ ಉತ್ಸವದಲ್ಲಿ ದೇವರು ಗುಡಿಯಿಂದ ಹೊರಟು ಒಂದೊಂದು ಕಟ್ಟೆಯಲ್ಲಿಯೂ ನಿಂತು, ಕಟ್ಟೆಪೂಜೆ ಸ್ವೀಕರಿಸಿ, ಕೊನೆಗೆ ಗುಡಿಗೇ ಮರಳುತ್ತಾರಲ್ಲವೆ?

ಇದರಲ್ಲಿರುವ ಕುಂದುಗಳನ್ನೂ ನಾನೇ ಹೇಳಿಬಿಡುತ್ತೇನೆ. ಕಟ್ಟೆಯೆಂದರೆ ಎತ್ತರಿಸಿ ಕಟ್ಟಿದ್ದು. ಬೇಸು ನೆಲದ ಮೇಲಿನ ಚೌಕಾಕಾರದ ಚೀಲ. ಅಂಗಣದಲ್ಲಿ ನಿಜವಾಗಿ ಎತ್ತರವಿರುವುದು ಎಸೆತಗಾರ ನಿಲ್ಲುವ ಮಣ್ಣಿನ ಗುಪ್ಪೆ, ಅದೂ ಹತ್ತು ಅಂಗುಲ. ಅದನ್ನು ‘ತಿಟ್ಟು’ ಎನ್ನೋಣವೆಂದರೆ ಇಲ್ಲಿಯವರ ಕಿವಿಗೆ ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳೇ ಕೇಳಿಸುತ್ತವೆ. ‘ದಿಬ್ಬ’ ಎಂದರೆ ಸಾಕು. ಎರಡನೆಯ ಕುಂದು ಇನ್ನೂ ಗಂಭೀರವಾದದ್ದು. ಚೌಕಾಬಾರದ ಕಟ್ಟೆ ಎಲ್ಲ ಕಾಯಿಗಳಿಗೂ ಎಲ್ಲ ಕಾಲದಲ್ಲಿಯೂ ಆಶ್ರಯ. ಬೇಸಿನಲ್ಲಿ ಒಬ್ಬನೇ ನಿಲ್ಲಬೇಕು. ಹಿಂದಿನಿಂದ ತನ್ನವನೇ ಓಡಿ ಬಂದರೆ ಇವನು ಜಾಗ ಬಿಟ್ಟು ಹೊರಡಲೇಬೇಕು, ಮುಂದಿನ ಬೇಸಿಗೆ ತಲುಪುವ ಮುನ್ನ ಚೆಂಡು ಅಲ್ಲಿಗೆ ಬಂದರೆ ಮುಟ್ಟದೆಯೂ ಔಟ್. ಇಷ್ಟು ಅಂತರವಿರುವಾಗ ಹೋಲಿಕೆಯ ಪದ ತಪ್ಪು ತಿಳಿವಳಿಕೆಗೆ ದಾರಿ ಮಾಡುವುದೋ ಎಂಬ ಅಳುಕು ನನಗಿದೆ. ಆದರೂ ಮಗುವಿಗೆ ಮೊದಲು ಸಿಗಬೇಕಾದ ಹಿಡಿಕೆ ಹೋಲಿಕೆ, ನಿಯಮ ಆಮೇಲಿನದು.

‘ಮನೆ’ ಎಂಬುದು ಕೂಡ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಕ್ರಿಕೆಟ್ ವರದಿಗಳಲ್ಲಿ ಹೋಮ್ ಎಂದರೆ ತವರು: ತವರಿನ ಅಂಗಣ, ತವರಿನ ಪ್ರೇಕ್ಷಕರು. ‘ಓಟಗಾರ ತವರು ಸೇರಿದ’ ಎಂದು ಬರೆದರೆ ಅವನು ದೀಪಾವಳಿಗೆ ಹೊರಟ ಹೊಸ ಮದುಮಗಳಂತೆ ಕಾಣುತ್ತಾನೆ. ಕಂಬಳದ ‘ಮಂಜೊಟ್ಟಿ’ ನೆನಪಾಯಿತು. ಆದರೆ ಕರೆಯಲ್ಲಿ, ಅಂದರೆ ಓಟದ ಗದ್ದೆಯಲ್ಲಿ, ಕೋಣಗಳು ಗಂತಿನಲ್ಲಿ ಹೊರಟು ಮಂಜೊಟ್ಟಿಯಲ್ಲಿ ಮುಗಿಸುತ್ತವೆ, ಎರಡೂ ಬೇರೆ ಬೇರೆ ತುದಿಗಳು. ಬೇಸ್‌ಬಾಲಿನಲ್ಲಿ ಗಂತೂ ಮಂಜೊಟ್ಟಿಯೂ ಒಂದೇ ಜಾಗ. ಹಾಗಾಗಿ ‘ಮನೆ’ಯೇ ಸರಿ ಎನ್ನುವಾಗ ಇನ್ನೊಂದು ಗೊಂದಲ ಎದುರಾಯಿತು. ಸೋತವರು ಹೊರಗೆ ಎಂಬ ಪಂದ್ಯಾಟದಲ್ಲಿ ‘ಮನೆ ಸೇರಿದರು’, ‘ಮನೆಗೆ ಹೋದರು’ ಎಂದರೆ ಸೋತರು ಎಂದರ್ಥ. ನನ್ನ ಕರಡಿನ ಒಂದೇ ಪರಿಚ್ಛೇದದಲ್ಲಿ ‘ಎರಡನೆಯ ಕಟ್ಟೆಯವನು ಮನೆ ಸೇರಿದ, ಓಮಿ ತಂಡ ಮನೆ ಸೇರಿತು’ ಎಂದಾಗಿತ್ತು. ಮೊದಲನೆಯದು ಗೆಲುವು, ಎರಡನೆಯದು ಸೋಲು. ಕೊನೆಗೆ ಓಟಗಾರನಿಗೆ ‘ಮನೆ ಮುಟ್ಟಿದ’ ಎಂದೂ ಸೋತ ತಂಡಕ್ಕೆ ‘ಊರಿಗೆ ಮರಳಿತು’ ಎಂದೂ ಬೇರ್ಪಡಿಸಿದ್ದೇನೆ. ನಿಯಮದ ಪ್ರಕಾರವೂ ಓಟಗಾರ ಅಲ್ಲಿಯ ಐದು ಮೂಲೆಯ ಹಲಗೆಯನ್ನು ಮುಟ್ಟಲೇಬೇಕು. ಸುಮ್ಮನೆ ದಾಟಿ ಹೋದರೆ ಲೆಕ್ಕಕ್ಕಿಲ್ಲ.

ಸರದಿಯ ವಿಷಯ ಸಣ್ಣದಾದರೂ ನನಗೆ ಸಂತೋಷ ಕೊಟ್ಟಿತು. ಇನ್ನಿಂಗ್ಸ್ ಎಂದರೆ ಕ್ರಿಕೆಟಿನ ಓದುಗ ದಿನಗಟ್ಟಲೆ ಲೆಕ್ಕ ಹಾಕುತ್ತಾನೆ. ಬೇಸ್‌ಬಾಲಿನಲ್ಲಿ ಮೂವರು ಔಟಾದರೆ ಒಂದು ತಂಡದ ಪಾಲು ಮುಗಿಯಿತು, ಹೀಗೆ ಒಂಬತ್ತು. ಜಪಾನೀಯರು ಇದಕ್ಕೆ ‘ಕೈ’ ಎನ್ನುತ್ತಾರೆ; ಬಾರಿ, ಸಲ ಎಂದರ್ಥ. ನಮ್ಮ ಕರಾವಳಿಯ ಮಾತಿನಲ್ಲಿ ‘ಒಂದು ಸರ್ತಿ, ಎರಡು ಸರ್ತಿ’ ಎನ್ನುವುದು ಇದೇ ಅಲ್ಲವೆ? ಬರಹದಲ್ಲಿ ‘ಸರದಿ’ ಎಂದಿಟ್ಟಿದ್ದೇನೆ. ಮಕ್ಕಳು ಆಡುವಾಗ ‘ಒಂಬತ್ತನೇ ಸರ್ತಿ’ ಎಂದರೂ ಬಹಳ ಸೊಗಸು.

ಇನ್ನು ಆ ಮೆಲ್ಲನೆಯ ತಟ್ಟು. ಇಂಗ್ಲಿಷಿನವರು ಇದಕ್ಕೆ ಬಂಟ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದರಿಂದ ಯಾವ ತೊಂದರೆಯೂ ಇರಲಾರದು. ಉಡುಪಿ, ಮಂಗಳೂರುಗಳಲ್ಲಿ ‘ಅವನು ಬಂಟ್ ಮಾಡಿದ’ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ತರಗತಿಯ ಅರ್ಧ ಮಕ್ಕಳು ಬಂಟರ ಸಂಘದ ಕಡೆ ನೋಡುತ್ತಾರೆ, ಉಳಿದರ್ಧ ನಗುತ್ತಾರೆ. ಇಲ್ಲಿ ಕನ್ನಡ ಪದ ಹುಡುಕುವುದು ಭಾಷಾಭಿಮಾನದ ಪ್ರಶ್ನೆಯಾಗಿ ಉಳಿದಿಲ್ಲ, ಅನಿವಾರ್ಯವಾಗಿದೆ. ‘ತಟ್ಟು’ ಎಂಬುದು ಸಾಕು. ಇದರ ಮುಂದಿನ ಪ್ರಶ್ನೆ ಕಠಿಣವಾದದ್ದು: ತಾನು ಔಟಾಗುವುದು ಖಚಿತವೆಂದು ತಿಳಿದೂ ಮುಂದಿರುವ ಓಟಗಾರನನ್ನು ಒಂದು ಕಟ್ಟೆ ಮುಂದೆ ಸಾಗಿಸಲು ತಟ್ಟುವುದಕ್ಕೆ ಜಪಾನೀಯರು ‘ಗಿದಾ’ ಎನ್ನುತ್ತಾರೆ. ಅದರ ಮೊದಲ ಅಕ್ಷರಕ್ಕೆ ಬಲಿಪಶು ಎಂದರ್ಥ. ‘ಬಲಿತಟ್ಟು’ ಎನ್ನಲು ನನಗೆ ಮನಸ್ಸಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಬಲಿ ಎಂದರೆ ದೇವರ ಪ್ರದಕ್ಷಿಣೆಯ ಉತ್ಸವ, ದರ್ಶನಬಲಿ ನೋಡಲು ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ‘ತ್ಯಾಗದ ಹೊಡೆತ’ ಎಂದರೆ ಭಾಷಣದ ವಾಸನೆ ಬರುತ್ತದೆ. ಚದುರಂಗದಲ್ಲಿ ಮುಂದಿನ ಲಾಭಕ್ಕ‍ಾಗಿ ಕಾಯಿಯನ್ನು ‘ಬಿಟ್ಟುಕೊಡು’ವುದಿದೆಯಲ್ಲ, ಅದನ್ನೇ ಹಿಡಿದು ‘ಬಿಟ್ಟುಕೊಡುವ ತಟ್ಟು’ ಎಂದು ಬರೆದಿದ್ದೇನೆ. ಉದ್ದವಾಯಿತು ಎಂಬುದು ನನಗೆ ಗೊತ್ತು. ಚಿಕ್ಕದು ಹೊಳೆದವರು ತಿಳಿಸಬೇಕು.

ಕೊನೆಯ ಸರದಿಯಲ್ಲಿ ಹೀಗೆ ಒಮ್ಮೆಲೇ ಪಂದ್ಯ ಮುಗಿಸುವ ಗೆಲುವಿಗೆ ಜಪಾನೀಯರ ಮಾತು ‘ಸಯೊನಾರಾ ಗೆಲುವು’. ಸಯೊನಾರಾ ಎಂಬುದು ನಮ್ಮವರಿಗೂ ಗೊತ್ತಿರುವ ಪದವೇ. ಆದರೆ ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವ ನಾವು ಇದನ್ನು ‘ಬರ್ತೇನೆ ಗೆಲುವು’ ಎಂದು ಅನುವಾದಿಸಿದರೆ ಅರ್ಥವೇ ತಿರುಗಿಬೀಳುತ್ತದೆ. ಬೆಳಗಿನ ಜಾವ ಭಾಗವತರು ಮಂಗಳ ಹಾಡಿದ ಮೇಲೆ ಆಟ ಮುಗಿಯಿತು. ಅದರಿಂದಲೇ ‘ಮಂಗಳ ಹಾಡು’ ಎಂಬ ನುಡಿಗಟ್ಟಿಗೆ ಇಲ್ಲಿ ವಿಶೇಷ ಬಲ. ‘ಪಂದ್ಯಕ್ಕೆ ಮಂಗಳ ಹಾಡಿದ ತಟ್ಟು’ ಎಂದು ಬರೆದೆ. ಈ ಒಂದು ವಾಕ್ಯದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಇಷ್ಟೆಲ್ಲ ಪದ ಕಟ್ಟುವ ಗೊಡವೆ ಏಕೆ, ಬೇಸು, ಬಾಲು, ಸ್ಟ್ರೈಕು ಎಂದೇ ಬಿಡಬಾರದೇ ಎಂದು ಕೇಳುವವರಿದ್ದಾರೆ. ಜಪಾನಿನ ಅನುಭವ ಇಲ್ಲಿ ಎರಡೂ ಕಡೆಯವರಿಗೆ ಸಾಕ್ಷಿ ಒದಗಿಸುತ್ತದೆ. 1872ರ ಸುಮಾರಿಗೆ ಅಮೆರಿಕದ ಅಧ್ಯಾಪಕ ಹೊರೇಸ್ ವಿಲ್ಸನ್ ಈ ಆಟವನ್ನು ಟೋಕಿಯೋದ ವಿದ್ಯಾರ್ಥಿಗಳಿಗೆ ಕಲಿಸಿದರು. ಹೈಕು ಕವಿ ಮಸಾವೊಕಾ ಶಿಕಿ ವಿದ್ಯಾರ್ಥಿಯಾಗಿದ್ದಾಗ ಇದನ್ನು ಆಡಿದವರು. 1896ರಲ್ಲಿ ಪತ್ರಿಕೆಯಲ್ಲಿ ಆಟವನ್ನು ವಿವರಿಸುತ್ತ ಹೊಡೆಯುವವನು, ಓಡುವವನು ಮೊದಲಾದವಕ್ಕೆ ಅವರು ಬಳಸಿದ ಜಪಾನೀ ಪದಗಳು ಇಂದಿಗೂ ಉಳಿದಿವೆ. ಇಡೀ ಆಟಕ್ಕೆ ‘ಯಾಕ್ಯೂ’, ಅಂದರೆ ಬಯಲಚೆಂಡು, ಎಂಬ ಹೆಸರನ್ನು ಚೂಮಾ ಕನಾಯೆ ಕೊಟ್ಟದ್ದು 1894ರಲ್ಲಿ. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದದ್ದೂ ಅದೇ ವರ್ಷ. ಸಂಬಂಧವೇನೂ ಇಲ್ಲ, ನೆನಪಿಟ್ಟುಕೊಳ್ಳಲು ಅನುಕೂಲ. ‘ಬಯಲಚೆಂಡು’ ಎಂಬುದು ಬಯಲಾಟದವರ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ನೋಡಿ! ಆದರೂ ಅದನ್ನು ಮಕ್ಕಳ ಮೇಲೆ ಹೇರುವ ಧೈರ್ಯ ನನಗಾಗಲಿಲ್ಲ.

ಇನ್ನೊಂದು ಕಡೆಯ ಸಾಕ್ಷಿಯೂ ಅಷ್ಟೇ ಗಟ್ಟಿಯಾಗಿದೆ. ಹೊಡೆಯುವ ವ್ಯಾಪ್ತಿಯ ಹೊರಗೆ ಬಂದ, ಹೊಡೆಯುವವನು ಬೀಸದೆ ಬಿಟ್ಟ ಎಸೆತ ‘ಬಾಲು’; ವ್ಯಾಪ್ತಿಯೊಳಗೆ ಬಂದದ್ದು ಅಥವಾ ಬೀಸಿಯೂ ತಾಗದ್ದು ‘ಸ್ಟ್ರೈಕು’. ನಾಲ್ಕು ಬಾಲುಗಳಾದರೆ ಹೊಡೆಯುವವನಿಗೆ ಮೊದಲ ಕಟ್ಟೆ ಉಚಿತ. ಜಪಾನೀ ಬರಹದಲ್ಲಿ ಇದು ‘ಶಿಕ್ಯೂ’, ನಾಲ್ಕು ಚೆಂಡು. ಎಸೆದ ಚೆಂಡು ಮೈಗೆ ತಗುಲಿದರೂ ಮೊದಲ ಕಟ್ಟೆ ಸಿಗುತ್ತದೆ. ಅದೂ ‘ಶಿಕ್ಯೂ’, ಸತ್ತ ಚೆಂಡು. ಬರೆಯುವ ಅಕ್ಷರ ಬೇರೆ, ಉಚ್ಚಾರ ಒಂದೇ. ಆದ್ದರಿಂದ ಮಾತಿನಲ್ಲಿ ಅವರು ಇಂಗ್ಲಿಷಿನ ಮೊರೆ ಹೋಗಿ ‘ಫೋರ್ ಬಾಲ್’, ‘ಡೆಡ್ ಬಾಲ್’ ಎಂಬುದನ್ನೇ ತಮ್ಮ ಬಾಯಿಗೆ ಒಗ್ಗಿಸಿಕೊಂಡು ಬಳಸುತ್ತಾರೆ. ಯುದ್ಧಕಾಲದಲ್ಲಿ, 1943ರಲ್ಲಿ, ವೃತ್ತಿಪರ ಆಟದಿಂದ ಇಂಗ್ಲಿಷ್ ಪದಗಳನ್ನು ಹೊರಗೆ ಹಾಕಿದಾಗ ಸ್ಟ್ರೈಕಿಗೆ ‘ಯೋಶಿ’ ಎಂದೂ ಬಾಲಿಗೆ ‘ದಮೆ’ ಎಂದೂ ಕೂಗಬೇಕಾಯಿತು; ಸುಮಾರಾಗಿ ನಮ್ಮ ‘ಸೈ’ ಮತ್ತು ‘ಆಗದು’. ಯುದ್ಧ ಮುಗಿದೊಡನೆ ಸ್ಟ್ರೈಕು, ಬಾಲುಗಳು ಮರಳಿ ಬಂದವು. ನಾನೂ ಅವೆರಡನ್ನು ಹಾಗೆಯೇ ಇಟ್ಟಿದ್ದೇನೆ. ಗಣಕಯಂತ್ರದ ಅನುವಾದಕ್ಕೆ ಒಪ್ಪಿಸಿ ನೋಡಿದಾಗ ಅದು ‘ಮೂರು ಮುಷ್ಕರಗಳ ನಂತರ ಆಟಗಾರ ಹೊರನಡೆದ’ ಎಂದು ಕೊಟ್ಟಿತು. ಕಾರ್ಮಿಕ ಸಂಘದವರು ಓದಿದರೆ ಸಂತೋಷಪಟ್ಟಾರು.

ಲೇಖನದ ಕೊನೆಯ ಭಾಗ ಫೈನಲಿನದು. ಆಗಸ್ಟ್ 21ರಂದು ಒಸಾಕಾ ತೋಯಿನ್ ಶಾಲೆ ಕನಾಶಿಯನ್ನು 13–2ರಿಂದ ಸೋಲಿಸಿತು. ಅಲ್ಲಿಯವರೆಗೆ ಒಬ್ಬನೇ ಎಸೆದು ತಂಡವನ್ನು ಹೊತ್ತು ತಂದ ಯೋಶಿದಾ ಕೋಸೇಯಿ ಎಂಬ ಹುಡುಗ ಐದು ಸರದಿಗಳಾದ ಮೇಲೆ ದಿಬ್ಬ ಬಿಟ್ಟುಕೊಟ್ಟ. ಆ ಪಂದ್ಯಾಟದಲ್ಲಿ ಅವನು ಎಸೆದ ಚೆಂಡುಗಳು 881. ಎಳೆಯರ ತೋಳಿಗೆ ಇಷ್ಟು ಭಾರ ಸಲ್ಲದೆಂಬ ಚರ್ಚೆ ಅಲ್ಲಿ ಬಹಳ ನಡೆದು, ಆಮೇಲೆ ಒಬ್ಬ ಎಸೆತಗಾರ ವಾರವೊಂದರಲ್ಲಿ 500 ಎಸೆತ ಮೀರಬಾರದೆಂಬ ಮಿತಿ ಬಂದಿದೆ.

ಕೋಶಿಯೆನ್‌ನಲ್ಲಿ ಸೋತವರು ಅಂಗಣದ ಮಣ್ಣನ್ನು ಕೈಯಿಂದ ಬಳಿದು ಚೀಲದಲ್ಲಿ ತುಂಬಿಕೊಂಡು ಊರಿಗೆ ಒಯ್ಯುವ ರೂಢಿಯಿದೆ. ಇದನ್ನು ಕನ್ನಡದಲ್ಲಿ ಹೇಳಹೊರಟರೆ ನುಡಿಗಟ್ಟುಗಳೇ ಶತ್ರುಗಳಾಗುತ್ತವೆ. ಮಣ್ಣು ಮುಕ್ಕಿದರು ಎಂದರೆ ಹೀನಾಯವಾಗಿ ಸೋತರು. ಮಣ್ಣುಪಾಲು ಎಂದರೆ ಹಾಳಾಯಿತು. ಮಣ್ಣು ಹಾಕುವುದು ಹೆಣಕ್ಕೆ. ‘ಸೋತ ಹುಡುಗರು ಮಣ್ಣು ತೆಗೆದುಕೊಂಡರು’ ಎಂಬ ವಾಕ್ಯವನ್ನು ಯಾವ ಕಡೆಯಿಂದ ಹಿಡಿದರೂ ಈ ಅರ್ಥಗಳು ಹಿಂದೆಯೇ ಬರುತ್ತವೆ. 1958ರಲ್ಲಿ ಓಕಿನಾವಾದಿಂದ ಮೊದಲ ಬಾರಿಗೆ ಬಂದ ಶುರಿ ಹೈಸ್ಕೂಲಿನ ಹುಡುಗರು ಹೀಗೆಯೇ ಮಣ್ಣು ಒಯ್ದರು. ಓಕಿನಾವಾ ಆಗ ಅಮೆರಿಕದ ಆಡಳಿತದಲ್ಲಿದ್ದುದರಿಂದ ಹೊರಗಿನ ಮಣ್ಣನ್ನು ಒಳಗೆ ತರಬಾರದೆಂಬ ಕಾನೂನಿನಂತೆ ಅದನ್ನು ಬಂದರಿನಲ್ಲಿ ಸಮುದ್ರಕ್ಕೆ ಸುರಿಯಲಾಯಿತು. ಸುದ್ದಿ ತಿಳಿದ ವಿಮಾನ ಪರಿಚಾರಿಕೆಯರು ಕೋಶಿಯೆನ್‌ನ ಬೆಣಚುಕಲ್ಲುಗಳನ್ನು ಆರಿಸಿ ಅವರಿಗೆ ತಲುಪಿಸಿದರು; ಕಲ್ಲಿಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಈ ಜಾಗದಲ್ಲಿ ನಾನು ‘ಮೃತ್ತಿಕೆ’ ಎಂದು ಬರೆದಿದ್ದೇನೆ. ಕುಕ್ಕೆ ಸುಬ್ರಹ್ಮಣ್ಯದಿಂದ ಮೃತ್ತಿಕೆ ಪ್ರಸಾದವನ್ನು ತಂದು ದೇವರ ಕೋಣೆಯಲ್ಲಿಡುವ ಮನೆಗಳ ಮಕ್ಕಳಿಗೆ ಆ ಪದದಿಂದ ತಟ್ಟನೆ ಅರ್ಥವಾಗುತ್ತದೆ. ದೈಹಿಕ ಶಿಕ್ಷಣ ಶಿಕ್ಷಕರು ಮಾತ್ರ ಇದು ಅತಿಯಾಯಿತು, ‘ಅಂಗಣದ ಮಣ್ಣು’ ಎಂದರೆ ಎಲ್ಲ ಮಕ್ಕಳಿಗೂ ಆಗುತ್ತದೆ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ ಎಂದು ಈಗೀಗ ಅನಿಸುತ್ತಿದೆ.

ನನ್ನ ವಿನಂತಿ ಇಷ್ಟೆ. ‘ಪಂದ್ಯಾಟ’ ಎಂಬ ಪ್ರಯೋಗವನ್ನು ಕರಾವಳಿಯ ಹೊರಗೆ, ಶಿವಮೊಗ್ಗ, ಶಿರಸಿ ಅಥವಾ ಕೊಡಗಿನ ಕಡೆ ಕೇಳಿದವರು ಇದ್ದರೆ ತಿಳಿಸಬೇಕು. ಕುಂದಾಪುರ, ಕಾಸರಗೋಡು ಕಡೆಯ ಮಕ್ಕಳ ಓಟದ ಆಟಗಳಲ್ಲಿ, ಮುಟ್ಟಿ ನಿಂತರೆ ಔಟ್ ಮಾಡಬಾರದ ಜಾಗಕ್ಕೆ ‘ಕಟ್ಟೆ’ಯಲ್ಲದೆ ಬೇರೆ ಹೆಸರಿದ್ದರೆ ಅದೂ ಬೇಕು, ಹಿರಿಯರಿಗೆ ನೆನಪಿದ್ದರೆ ಆಟದ ಹೆಸರನ್ನೂ ಸೇರಿಸಿ ಬರೆಯಿರಿ. ಬಿಟ್ಟುಕೊಡುವ ತಟ್ಟಿಗೆ ಎರಡಕ್ಷರ ಕಡಿಮೆಯಾದರೂ ಸಾಕು. ಭಿತ್ತಿಪತ್ರಿಕೆಯನ್ನು ಮುಂದಿನ ಶನಿವಾರ ಅಂಟಿಸುತ್ತಾರೆ. ಶುಕ್ರವಾರ ಸಂಜೆಯೊಳಗೆ ಬಂದ ಪದಗಳನ್ನು ಮಾತ್ರ ಸೇರಿಸಲು ನನಗೆ ಸಾಧ್ಯ.